ಕೊರೆಲ್ಲಿ ಬರೆಯದೇ ಬಿಟ್ಟ ಸ್ವರಗಳು

ಇಟಲಿಯ ಪಿಟೀಲುವಾದಕ, ಸಂಗೀತ ರಚನಕಾರ ಕೊರೆಲ್ಲಿಯ ಇ ಮೈನರ್ ಸೊನಾಟಾ (ಪಿಟೀಲಿಗಾಗಿ ಬರೆದ, ಹಲವು ಭಾಗಗಳ ಕೃತಿ) ಮೊದಲ ಸಲ ಕೈಗೆ ಬಂದಾಗ 'ಇಷ್ಟೇನಾ?' ಅನ್ನಿಸಿತು. 1700ರಲ್ಲಿ ರೋಮ್‌ನಲ್ಲಿ ಅಚ್ಚಾದ ಓಪಸ್ 5 ಎಂಬ ಸಂಪುಟದ ಹನ್ನೆರಡು ಸೊನಾಟಾಗಳಲ್ಲಿ ಇದು ಎಂಟನೆಯದು. ಮೇಲೆ ಪಿಟೀಲಿನ ಸಾದಾ ಸ್ವರಗಳು, ಕೆಳಗೆ ಜೊತೆ ವಾದ್ಯಕ್ಕಾಗಿ ಒಂದು ಬಾಸ್ ಸಾಲು, ಅಂದರೆ ತಗ್ಗು ಸ್ವರಗಳದ್ದು, ಅದರ ಹತ್ತಿರ ಸಣ್ಣ ಸಣ್ಣ ಅಂಕಿಗಳು. ಹದಿನೈದು ವರ್ಷ ಕರ್ನಾಟಕ ಸಂಗೀತ ನುಡಿಸಿದವನಿಗೆ ಇದೇನು ಮಹಾ ಅಂದುಕೊಂಡೆ.

ಮೊದಲ ದಿನವೇ ಪಿಟೀಲು ಜಾರಿತು. ನೆಲದ ಮೇಲೆ ಕೂತು, ಅದರ ತಲೆಯನ್ನು ಪಾದದ ಮೇಲಿಟ್ಟು ನುಡಿಸಿ ಅಭ್ಯಾಸ ನನಗೆ. ಇಲ್ಲಿ ನಿಂತು ನುಡಿಸಬೇಕು, ಅದೂ ಗದ್ದಕ್ಕೆ ಆಸರೆಯಿಲ್ಲದೆ. ಆ ಆಸರೆ ಬಂದದ್ದೇ ಹತ್ತೊಂಬತ್ತನೇ ಶತಮಾನದಲ್ಲಿ. ಸರಿ, ಅದು ತಿಂಗಳೊಪ್ಪತ್ತಿನಲ್ಲಿ ಹೇಗೋ ಒಗ್ಗಿತು.

ಒಗ್ಗದೇ ಉಳಿದದ್ದು ಗಮಕ. ಉದ್ದ ಸ್ವರ ಕಂಡರೆ ಸಾಕು, ಬೆರಳು ತಾನಾಗಿ ಅಲ್ಲಾಡುತ್ತಿತ್ತು. ಬಾಸ್ ನುಡಿಸಲು ಹಾರ್ಪ್ಸಿಕಾರ್ಡ್, ಅಂದರೆ ಆ ಕಾಲದ ಕೀಲಿಮಣೆ ವಾದ್ಯ, ಎಲ್ಲಿಂದ ತರೋದು? ಚೆಲ್ಲೊ (ಪಿಟೀಲಿನ ಜಾತಿಯ ದೊಡ್ಡ, ತಗ್ಗು ದನಿಯ ವಾದ್ಯ) ನುಡಿಸುವ ಗೆಳೆಯನನ್ನು ಬಾಸ್‌ಗೆ ಕೂರಿಸಿಕೊಂಡಿದ್ದೆ. ಇದರಲ್ಲಿ ಮೋಸವೇನಿಲ್ಲ, ಮೂಲ ಮುಖಪುಟದಲ್ಲೇ ಜೊತೆಗೆ 'ವಯೊಲೋನೆ ಅಥವಾ ಚಿಂಬಾಲೊ' ಅಂತಿದೆ, ಅಂದರೆ ತಗ್ಗು ದನಿಯ ಕಮಾನು ವಾದ್ಯ ಅಥವಾ ಹಾರ್ಪ್ಸಿಕಾರ್ಡ್. ಅವನು ಒಂದು ದಿನ ಕಮಾನು ಕೆಳಗಿಟ್ಟ. "ನೀನು ಅಲ್ಲಾಡಿಸ್ತಾ ಇದ್ರೆ ನಮ್ಮಿಬ್ಬರ ಜಗಳ ಕೇಳೋದೇ ಇಲ್ಲ ಕಣೋ" ಅಂದ.

ಯಾವ ಜಗಳ? ನಾನು ಒಂದು ಸ್ವರ ಹಿಡಿದು ನಿಂತಿರುತ್ತೇನೆ. ಅಷ್ಟರಲ್ಲಿ ಅವನ ಬಾಸ್ ಮುಂದೆ ಹೋಗುತ್ತದೆ. ಹಿತವಾಗಿದ್ದ ನನ್ನ ಸ್ವರವೇ ಈಗ ಚುಚ್ಚುತ್ತದೆ. ಆಮೇಲೆ ನಾನು ಒಂದು ಮೆಟ್ಟಿಲು ಇಳಿದಾಗ ಸಮಾಧಾನ. ಬಾಸ್‌ನ ಹತ್ತಿರ 7-6, 4-3 ಅಂತ ಬರೆದಿರುವುದು ಇದನ್ನೇ: ಬಾಸ್‌ನಿಂದ ಎಣಿಸಿದರೆ ಏಳನೇ ಸ್ವರ ಆರನೆಯದಕ್ಕೆ, ನಾಲ್ಕನೆಯದು ಮೂರನೆಯದಕ್ಕೆ ಇಳಿಯುವುದು. ನಮ್ಮಲ್ಲಿ ಶ್ರುತಿ ನಿಂತಿರುತ್ತದೆ, ಸ್ವರ ಓಡಾಡುತ್ತದೆ. ಇಲ್ಲಿ ನಾನು ನಿಂತಿದ್ದರೂ ಕಾಲಡಿಯ ನೆಲ ಸರಿಯುತ್ತದೆ. ಇದು ತಲೆಗೆ ಹೋಗಲು ನಾಲ್ಕು ತಿಂಗಳು ಬೇಕಾಯಿತು. ಆಮೇಲೆ ಪಿಟೀಲು ಪಕ್ಕಕ್ಕಿಟ್ಟು, ಬರೀ ಬಾಸ್ ಹಾಡಿಕೊಂಡು ಅಭ್ಯಾಸ ಮಾಡಿದೆ. ಚುಚ್ಚುವ ಸ್ವರಕ್ಕೆ ಕಮಾನಿನ ತೂಕ ಜಾಸ್ತಿ, ಇಳಿದ ಸ್ವರಕ್ಕೆ ಬರೀ ಉಸಿರಿನಷ್ಟು.

ಹಾಗಂತ ಬರೆದಷ್ಟೇ ನುಡಿಸುವ ಸಂಗೀತವೂ ಅಲ್ಲ ಇದು. 1710ರ ಸುಮಾರಿಗೆ ಆಮ್ಸ್ಟರ್‌ಡ್ಯಾಮ್‌ನ ಪ್ರಕಾಶಕ ಎಸ್ಟಿಯೆನ್ ರೋಜರ್ ಮೊದಲ ಆರು ಸೊನಾಟಾಗಳ ನಿಧಾನ ಭಾಗಗಳನ್ನು ಅಲಂಕಾರ ಸಮೇತ ಅಚ್ಚು ಹಾಕಿದ. ಕೊರೆಲ್ಲಿ ನುಡಿಸುತ್ತಿದ್ದದ್ದೇ ಹೀಗೆ ಅಂತ ರೋಜರ್‌ನ ಮಾತು. ನಂಬದವರು ಆಗಲೂ ಇದ್ದರು. ನಾನಂತೂ ಆಸೆಬುರುಕನಂತೆ ಅಲ್ಲಿನ ಓಟಗಳನ್ನೆಲ್ಲ ಎತ್ತಿ ನನ್ನ ಎಂಟನೆಯದಕ್ಕೆ ತುರುಕಿದೆ. ಎಣಿಕೆ ತಪ್ಪಿತು. ಗೆಳೆಯ ನನಗಾಗಿ ಕಾದು ಕಾದು ಬೇಸತ್ತ.

ಈಗ ಸರಬಂದಾ ಎಂಬ ನಿಧಾನ ನೃತ್ಯದ ಭಾಗದಲ್ಲಿ ಮಾತ್ರ ಸ್ವಲ್ಪ ಧೈರ್ಯ ಮಾಡುತ್ತೇನೆ. ಅದರ ಎರಡು ಅರ್ಧಗಳೂ ಎರಡೆರಡು ಸಲ ಬರುತ್ತವೆ, ಅಲ್ವಾ? ಮೊದಲ ಸಲ ಅಚ್ಚಿನಲ್ಲಿದ್ದಷ್ಟೇ. ಎರಡನೇ ಸಲ ದೂರದ ಎರಡು ಸ್ವರಗಳ ನಡುವೆ ಒಂದು ಪುಟ್ಟ ಓಟ, ಮುಗಿಯುವ ಕಡೆ ಎಫ್ ಶಾರ್ಪ್ ಸ್ವರದ ಮೇಲೆ ಟ್ರಿಲ್, ಅಂದರೆ ಅದನ್ನೂ ಅದರ ಮೇಲಿನ ಸ್ವರವನ್ನೂ ಬೇಗ ಬೇಗ ಬದಲಿಸಿ ನುಡಿಸುವುದು. ಟ್ರಿಲ್ಲನ್ನು ಮೇಲಿನ ಜಿಯಿಂದಲೇ ಶುರು ಮಾಡುತ್ತೇನೆ, ಆ ಜಿಯನ್ನು ಒಂದು ಕ್ಷಣ ತಡೆದು. ಅಷ್ಟು ಹೊತ್ತು ಗೆಳೆಯನ ಬಾಸ್ ಜೊತೆ ಮತ್ತೆ ಜಗಳ.