ಮಳೆಗಾಲದ ಕರೆಂಟು ಮತ್ತು ನನ್ನ ಲಿನಕ್ಸ್ ಲ್ಯಾಪ್‌ಟಾಪ್‌ನ ಬ್ಯಾಟರಿ

ನಮ್ಮ ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆ ಬಿಟ್ಟು ಎರಡು ಕಿಲೋಮೀಟರ್ ಒಳಗೆ. ಆರಿದ್ರಾ ಮಳೆ ಹಿಡಿಯಿತೆಂದರೆ ಎಲ್ಲಾದರೂ ಒಂದು ಮರ ತಂತಿಯ ಮೇಲೆ ಬೀಳುತ್ತದೆ. ಲೈನ್‌ಮನ್ ಆ ಮಳೆಯಲ್ಲೇ ಕಾಡು ಹಾದು, ಬಿದ್ದ ಜಾಗ ಹುಡುಕಿ ಸರಿಪಡಿಸುವ ಹೊತ್ತಿಗೆ ಒಂದು ದಿನವಾಗಬಹುದು, ಮೂರು ದಿನವೂ ಆಗಬಹುದು. ನಾನು ಮನೆಯಲ್ಲೇ ಕುಳಿತು ಕನ್ನಡ ಪುಸ್ತಕಗಳ ಕರಡು ತಿದ್ದುವವನು. ಇನ್ವರ್ಟರ್ ಇದೆಯಾದರೂ ಅದನ್ನು ರಾತ್ರಿಯ ದೀಪಗಳಿಗೆ ಉಳಿಸಿಕೊಳ್ಳಬೇಕು. ಹೀಗಾಗಿ ಲ್ಯಾಪ್‌ಟಾಪ್‌ನ ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆ ಎನ್ನುವುದು ನನಗೆ ಹೊಟ್ಟೆಪಾಡಿನ ಪ್ರಶ್ನೆ.

ಈಗಿನ ಯಂತ್ರವನ್ನು ಶಿವಮೊಗ್ಗದಲ್ಲಿ, ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ಆಗಿ ಕೊಂಡೆ. ಹೋಗುವಾಗ ಯಂತ್ರವನ್ನು ಅದರಿಂದಲೇ ಚಾಲೂ ಮಾಡಿ ನೋಡಲು, ಡೆಬಿಯನ್ 12 ಎಂಬ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಜೇಬಿನಲ್ಲಿತ್ತು. 2023ರ ಈ ಆವೃತ್ತಿಯಿಂದ ಡೆಬಿಯನ್ ತನ್ನ ಅಧಿಕೃತ ಪ್ರತಿಯಲ್ಲೇ ವೈಫೈಯಂಥ ಭಾಗಗಳು ನಡೆಯಲು ಬೇಕಾದ, ಮುಕ್ತವಲ್ಲದ ಫರ್ಮ್‌ವೇರ್‌ಗಳನ್ನೂ ಸೇರಿಸುತ್ತಿರುವುದರಿಂದ, ವೈಫೈ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಅಂಗಡಿಯ ಮೇಜಿನ ಮೇಲೆಯೇ ತಿಳಿಯುತ್ತದೆ. ಅಂಗಡಿಯವರು "ಅರ್ಧ ಗಂಟೆ ಬೇಕಾದರೂ ಕೂತು ನೋಡಿ ಸಾರ್" ಎಂದರು. ನಾನು ನಿಜಕ್ಕೂ ಅರ್ಧ ಗಂಟೆ ಕೂತೆ. ವೈಫೈ, ಧ್ವನಿ, ಬೆಳಕು ಹೆಚ್ಚುಕಡಿಮೆ ಮಾಡುವ ಕೀಲಿ, ಟಚ್‌ಪ್ಯಾಡ್ ಎಲ್ಲವೂ ಸರಿಯಿದ್ದವು. ಮುಚ್ಚಳ ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದಾಗ ಎಚ್ಚರಗೊಂಡಿತು. ಬೆರಳಚ್ಚು ಗುರುತಿಸುವ ಭಾಗಕ್ಕೆ ಮಾತ್ರ ಡ್ರೈವರ್ ಇರಲಿಲ್ಲ. ನನಗೆ ಅದು ಬೇಕಿರಲಿಲ್ಲವಾದ್ದರಿಂದ ಬಿಟ್ಟೆ. ಕೊನೆಗೆ ಅಪ್‌ಪವರ್ ಆಜ್ಞೆಯಲ್ಲಿ ಬ್ಯಾಟರಿಯ ಲೆಕ್ಕ ನೋಡಿದೆ: ಹೊಸದಿದ್ದಾಗ 50 ವ್ಯಾಟ್-ಅವರ್, ಈಗ ತುಂಬಿದರೆ 41. ಹಳೆಯ ಯಂತ್ರ ಕೊಳ್ಳುವವರು ಹೊರಮೈ ಹೊಳಪಿಗಿಂತ ಮೊದಲು ಈ ಎರಡು ಅಂಕಿಗಳನ್ನು ನೋಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಮನೆಗೆ ತಂದ ಮೊದಲ ವಾರ ಮೂರುಮುಕ್ಕಾಲು ಗಂಟೆಗಿಂತ ಹೆಚ್ಚು ಬರಲಿಲ್ಲ. ಸಿಕ್ಕ ಸಲಹೆಗಳನ್ನೆಲ್ಲ ಒಮ್ಮೆಗೇ ಹಾಕದೆ, ಪವರ್‌ಟಾಪ್ ತೆರೆದು ಚಾರ್ಜರ್ ಕಿತ್ತು ಕುಳಿತೆ. ಬ್ಯಾಟರಿಯಿಂದ ಈ ಕ್ಷಣ ಎಷ್ಟು ವ್ಯಾಟ್ ಹರಿದುಹೋಗುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ನನ್ನದು 11 ವ್ಯಾಟ್ ತೋರಿಸುತ್ತಿತ್ತು. 41ನ್ನು 11ರಿಂದ ಭಾಗಿಸಿದರೆ ಮೂರುಮುಕ್ಕಾಲು ಗಂಟೆ ಎಂಬ ಉತ್ತರ ಅಲ್ಲಿಯೇ ಸಿಗುತ್ತದೆ. ಪರದೆಯ ಬೆಳಕನ್ನು ಅರ್ಧಕ್ಕಿಳಿಸಿದಾಗ ಒಂದೂವರೆ ವ್ಯಾಟ್ ಇಳಿಯಿತು. ಬ್ರೌಸರ್‌ನಲ್ಲಿ ತೆರೆದು ಮರೆತಿದ್ದ, ಚಲಿಸುವ ಜಾಹೀರಾತಿದ್ದ ಒಂದೇ ಪುಟವನ್ನು ಮುಚ್ಚಿದಾಗ ಒಂದಕ್ಕೂ ಹೆಚ್ಚು ವ್ಯಾಟ್ ಇಳಿಯಿತು. ಅನಂತರ ವಿದ್ಯುತ್ ಉಳಿಸುವ ಸೆಟ್ಟಿಂಗ್‌ಗಳನ್ನು ತಾನೇ ಹೊಂದಿಸುವ ಟಿಎಲ್‌ಪಿ ಎಂಬ ತಂತ್ರಾಂಶ ಹಾಕಿದೆ. ಅದು ಅದೇ ಬಗೆಯ ಇನ್ನೊಂದು ತಂತ್ರಾಂಶವಾದ ಪವರ್ ಪ್ರೊಫೈಲ್ಸ್ ಡೀಮನ್ ಮುಟ್ಟುವ ಸೆಟ್ಟಿಂಗ್‌ಗಳನ್ನೇ ಮುಟ್ಟುವುದರಿಂದ ಎರಡನ್ನೂ ಒಟ್ಟಿಗೆ ಇಟ್ಟುಕೊಳ್ಳಬಾರದು. ಪವರ್‌ಟಾಪ್‌ನ ಉಳಿತಾಯದ ಸೆಟ್ಟಿಂಗ್‌ಗಳನ್ನೆಲ್ಲ ಒಮ್ಮೆಗೇ ಹಾಕುವ ಆಟೋ ಟ್ಯೂನ್ ಅನ್ನೂ ಒಮ್ಮೆ ಪ್ರಯತ್ನಿಸಿದೆ. ಕರಡು ತಿದ್ದುವಾಗ ಎರಡು ಕ್ಷಣ ಕೈ ನಿಲ್ಲಿಸಿದರೆ ಯುಎಸ್‌ಬಿ ಮೌಸ್ ನಿದ್ದೆಹೋಗಿ, ಮತ್ತೆ ಅಲುಗಾಡಿಸಿ ಎಬ್ಬಿಸಬೇಕಾಗುತ್ತಿತ್ತು. ಟಿಎಲ್‌ಪಿ ಮೌಸ್, ಕೀಲಿಮಣೆಗಳನ್ನು ತಾನಾಗಿಯೇ ಇಂಥ ನಿದ್ದೆಯಿಂದ ಹೊರಗಿಡುತ್ತದೆ. ಇಷ್ಟಾದ ಮೇಲೆ ಬರೀ ಓದು ತಿದ್ದುವ ಕೆಲಸಕ್ಕೆ 6.2 ವ್ಯಾಟ್ ಆಸುಪಾಸಿಗೆ ಬಂದು ನಿಂತಿತು, ಅಂದರೆ ಆರೂವರೆ ಗಂಟೆ.

ಆದರೂ ಒಂದು ಸೋರಿಕೆ ಉಳಿದಿತ್ತು. ರಾತ್ರಿ ಹತ್ತಕ್ಕೆ ಮುಚ್ಚಳ ಮುಚ್ಚಿಟ್ಟು ಬೆಳಿಗ್ಗೆ ಆರಕ್ಕೆ ತೆರೆದರೆ ಶೇಕಡಾ 18ರಷ್ಟು ಚಾರ್ಜ್ ಇಳಿದಿರುತ್ತಿತ್ತು. ಯಾರೂ ಬಳಸದ ಎಂಟು ಗಂಟೆಯಲ್ಲಿ ಏಳು ವ್ಯಾಟ್-ಅವರ್‌ಗೂ ಮಿಕ್ಕಿ ಹೋಗುವುದೆಂದರೆ ಹಗಲಿನ ಒಂದು ಗಂಟೆಗೂ ಹೆಚ್ಚಿನ ಕೆಲಸ ಕಳೆದುಕೊಂಡಂತೆ. ಕಾರಣ ಲಿನಕ್ಸ್‌ನ ತಿರುಳಾದ ಕರ್ನಲ್‌ನ ‘ಮೆಮ್ ಸ್ಲೀಪ್’ ಎಂಬ ಪುಟ್ಟ ಕಡತದಲ್ಲಿ ಸಿಕ್ಕಿತು. ಅದರಲ್ಲಿ ‘ಎಸ್2ಐಡಲ್’ ಮತ್ತು ‘ಡೀಪ್’ ಎಂಬ ಎರಡು ಪದಗಳಿದ್ದು, ಚೌಕ ಆವರಣ ಮೊದಲನೆಯದರ ಸುತ್ತ ಇತ್ತು, ಅಂದರೆ ಜಾರಿಯಲ್ಲಿದ್ದುದು ಅದೇ. ಮೊದಲನೆಯದು ಯಂತ್ರವನ್ನು ತೂಕಡಿಸಲು ಬಿಡುವ ಬಗೆ. ಎರಡನೆಯದರಲ್ಲಿ ನೆನಪುಕೋಶ ಬಿಟ್ಟು ಬಹುತೇಕ ಎಲ್ಲಕ್ಕೂ ವಿದ್ಯುತ್ ನಿಲ್ಲುತ್ತದೆ. ಯಂತ್ರ ಶುರುವಾಗುವಾಗ ಲಿನಕ್ಸನ್ನು ಎಬ್ಬಿಸುವ ಗ್ರಬ್‌ನ ಕಡತದಲ್ಲಿ ಡೀಪ್ ಅನ್ನು ಪೂರ್ವನಿಯೋಜಿತವಾಗಿಸುವ ಒಂದು ಪದ ಸೇರಿಸಿ, ಗ್ರಬ್ ನವೀಕರಿಸಿ, ಮತ್ತೆ ಚಾಲೂ ಮಾಡಿದೆ. ಮರುದಿನ ಬೆಳಿಗ್ಗೆ ಇಳಿದಿದ್ದುದು ಶೇಕಡಾ 3 ಮಾತ್ರ. ಎಲ್ಲ ಯಂತ್ರಗಳಲ್ಲೂ ಇದು ಸಾಧ್ಯವಿಲ್ಲ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಕಡತದಲ್ಲಿ ಡೀಪ್ ಎಂಬ ಪದವೇ ಇಲ್ಲದಿರಬಹುದು, ಆಗ ಗ್ರಬ್‌ನಲ್ಲಿ ಏನು ಬರೆದರೂ ಪ್ರಯೋಜನವಿಲ್ಲ. ಕೆಲವು ಥಿಂಕ್‌ಪ್ಯಾಡ್ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ, ಅಂದರೆ ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ, ನಿದ್ರೆಯ ಬಗೆಗೆ ‘ಲಿನಕ್ಸ್’ ಎಂಬ ಆಯ್ಕೆಯೇ ಇರುತ್ತದೆ. ಕೊಳ್ಳುವ ಮುನ್ನ ನೋಡಿಕೊಳ್ಳುವುದು ಒಳ್ಳೆಯದು.

ಇನ್ನೊಂದು ವಿಷಯ ಚಾರ್ಜಿನ ಮಿತಿ. ಲಿಥಿಯಂ ಬ್ಯಾಟರಿ ಸದಾ ತುಂಬಿದ ಸ್ಥಿತಿಯಲ್ಲಿ, ಅದರಲ್ಲೂ ಬಿಸಿಯಲ್ಲಿ, ಇದ್ದರೆ ಬೇಗ ಸವೆಯುತ್ತದೆ. ಯಂತ್ರದ ಡ್ರೈವರ್ ಒಪ್ಪಿದರೆ ಟಿಎಲ್‌ಪಿಯಲ್ಲಿ ಶೇಕಡಾ 75ಕ್ಕೆ ಚಾರ್ಜ್ ಆರಂಭ, 80ಕ್ಕೆ ನಿಲುಗಡೆ ಎಂದು ಬರೆದಿಡಬಹುದು, ನನ್ನದು ಒಪ್ಪಿತು. ಆದರೆ ನಮ್ಮಲ್ಲಿ ಕರೆಂಟು ಹೋಗುವುದು ಹೇಳಿ ಕೇಳಿ ಅಲ್ಲ. ಎಂಬತ್ತರಲ್ಲಿ ಸಿಕ್ಕಿಬಿದ್ದರೆ ಒಂದು ಗಂಟೆಗೂ ಹೆಚ್ಚು ಕೈಬಿಟ್ಟು ಹೋಗುತ್ತದೆ. ಅದಕ್ಕಾಗಿ ಟಿಎಲ್‌ಪಿಯಲ್ಲಿ ‘ಫುಲ್‌ಚಾರ್ಜ್’ ಎಂಬ ಆಜ್ಞೆಯಿದೆ, ಅದು ಆ ಒಂದು ಸಲಕ್ಕೆ ಮಾತ್ರ ಮಿತಿ ಮೀರಿ ತುಂಬಿಸುತ್ತದೆ. ಮಧ್ಯಾಹ್ನ ಪಡುವಣದ ಗುಡ್ಡ ಕಾಣದಂತೆ ಮೋಡ ಕವಿದು, ತೋಟದ ಅಡಿಕೆ ತಲೆಗಳು ಒಂದೇ ದಿಕ್ಕಿಗೆ ಬಾಗತೊಡಗಿದರೆ ನಾನು ಮೊದಲು ಮಾಡುವ ಕೆಲಸ ಆ ಆಜ್ಞೆ ಕೊಡುವುದು. ಬೇಸಿಗೆಯಲ್ಲಿ ಎಂಬತ್ತೇ ಸಾಕು.

ಕರೆಂಟು ಎರಡನೆಯ ದಿನಕ್ಕೂ ಬಾರದಿದ್ದರೆ ಮೇಲೆ ಹೇಳಿದ ನಿದ್ರೆಯ (ಸಸ್ಪೆಂಡ್) ಬದಲು ಹೈಬರ್ನೇಟ್ ಮಾಡುತ್ತೇನೆ, ಅದರಲ್ಲಿ ತೆರೆದಿದ್ದ ಕೆಲಸ ಡಿಸ್ಕಿಗೆ ಬರೆದುಕೊಂಡು ಯಂತ್ರ ಪೂರ್ತಿ ಆರಿರುತ್ತದೆ. ಅದಕ್ಕೆ ಡಿಸ್ಕಿನಲ್ಲಿ ಸ್ವಾಪ್ ಎಂದು ಮೀಸಲಿಟ್ಟ ಜಾಗ ಸಾಕಷ್ಟು ಬೇಕು. ಸಹಿಯಿರುವ ತಂತ್ರಾಂಶದಿಂದ ಮಾತ್ರ ಯಂತ್ರ ಶುರುವಾಗಲು ಬಿಡುವ ಸೆಕ್ಯೂರ್ ಬೂಟ್ ಚಾಲೂ ಇದ್ದರೆ ಡೆಬಿಯನ್ ಕರ್ನಲ್ ಅದಕ್ಕೆ ಅವಕಾಶ ಕೊಡುವುದಿಲ್ಲ, ನಾನು ಯೋಚಿಸಿಯೇ ಸೆಕ್ಯೂರ್ ಬೂಟನ್ನು ಆಫ್ ಮಾಡಿದ್ದೇನೆ. ಕಳೆದ ಮಳೆಗಾಲದಲ್ಲಿ ಒಂದು ಗುರುವಾರ ಸಂಜೆ ಹೋದ ಕರೆಂಟು ಶನಿವಾರ ಮಧ್ಯಾಹ್ನ ಬಂದಿತು. ಅಷ್ಟರಲ್ಲಿ ದಿನಕ್ಕೆ ಮೂರು ಗಂಟೆಯಂತೆ ಕೂತು ಒಂದು ಪುಸ್ತಕದ ಎರಡನೆಯ ಕರಡು ಮುಗಿಸಿದ್ದೆ. ಬ್ಯಾಟರಿಯಲ್ಲಿ ಇನ್ನೂ ಶೇಕಡಾ 9 ಉಳಿದಿತ್ತು.