ಬ್ರಿಟನ್‌ಗೆ ಬಂದಾಯ್ತು, ಇನ್ನು ಯುರೋಪ್ ನೋಡಬೇಕಾ? ಶೆಂಗೆನ್ ವೀಸಾದ ಕಥೆ ಕೇಳಿ

ಇಲ್ಲಿಗೆ ಹೊಸದಾಗಿ ಬಂದವರೆಲ್ಲ ಮೊದಲ ಚಳಿಗಾಲ ಕಳೆಯುವ ಹೊತ್ತಿಗೆ ಕೇಳುವ ಪ್ರಶ್ನೆ ಒಂದೇ: "ಲಂಡನ್‌ನಿಂದ ಪ್ಯಾರಿಸ್‌ಗೆ ರೈಲಲ್ಲಿ ಎರಡೂಕಾಲು ಗಂಟೆ ಅಷ್ಟೇ ಅಲ್ವಾ, ಒಂದು ವಾರಾಂತ್ಯ ಹೋಗಿಬರೋಣ್ವಾ?" ಹೋಗಿಬನ್ನಿ. ಆದರೆ ನಿಮ್ಮದು ಭಾರತದ ಪಾಸ್‌ಪೋರ್ಟ್. ಬ್ರಿಟನ್ನಿನ ಕೆಲಸದ ವೀಸಾ ತೋರಿಸಿದರೆ ಆ ದಡದಲ್ಲಿ ಒಳಗೆ ಬಿಡುವುದಿಲ್ಲ. ಶೆಂಗೆನ್ ವೀಸಾ ಬೇರೆಯೇ ಮಾಡಿಸಬೇಕು. ಶೆಂಗೆನ್ ಅಂದರೆ ಒಂದೇ ವೀಸಾ ಒಪ್ಪುವ ಯುರೋಪಿನ ದೇಶಗಳ ಗುಂಪು.

ಒಂದು ವೀಸಾಕ್ಕೆ 29 ದೇಶಗಳು ತೆರೆಯುತ್ತವೆ. ಸ್ವಿಟ್ಜರ್ಲೆಂಡ್, ನಾರ್ವೆ ಯುರೋಪಿಯನ್ ಒಕ್ಕೂಟದಲ್ಲಿಲ್ಲ, ಆದರೆ ಶೆಂಗೆನ್‌ನಲ್ಲಿವೆ. ಐರ್ಲೆಂಡ್ ಉಲ್ಟಾ: ಒಕ್ಕೂಟದಲ್ಲಿದೆ, ಶೆಂಗೆನ್‌ನಲ್ಲಿಲ್ಲ. ಡಬ್ಲಿನ್ ನೋಡಬೇಕಾದರೆ ನಮಗೆ ಅಲ್ಲಿಯದೇ ವೀಸಾ ಬೇಕು. ಬೆಲ್‌ಫಾಸ್ಟ್‌ನಿಂದ ರೈಲು ಹತ್ತಿದರೆ ಗಡಿಯಲ್ಲಿ ಗೇಟೂ ಇಲ್ಲ, ಕೌಂಟರೂ ಇಲ್ಲ. ಹಾಗಂತ ಸುಮ್ನೆ ಹೋಗಿಬಿಡಬೇಡಿ, ಗೇಟ್ ಇಲ್ಲ ಅಂದರೆ ಕಾನೂನೂ ಇಲ್ಲ ಅಂತಲ್ಲ.

ಯಾವ ದೇಶದ ಹೆಸರಲ್ಲಿ ಅರ್ಜಿ ಹಾಕಬೇಕು ಅನ್ನೋದು ಮೊದಲ ಗೊಂದಲ. ಪ್ರವಾಸದಲ್ಲಿ ಜಾಸ್ತಿ ದಿನ ಎಲ್ಲಿರುತ್ತೀರೋ ಆ ದೇಶ. ಎರಡು ಕಡೆ ಸಮ ಸಮ ಇದ್ದರೆ ಮೊದಲು ಕಾಲಿಡುವ ದೇಶ. ಬೇಸಿಗೆ ಹತ್ತಿರ ಬಂದ ಹಾಗೆ ಅರ್ಜಿ ಕೊಡುವ ವೀಸಾ ಕೇಂದ್ರದಲ್ಲಿ ಅಪಾಯಿಂಟ್‌ಮೆಂಟ್ ಸಿಗುವುದು ಕಷ್ಟ. ಆಗ ಯಾರಾದರೂ "ಅಲ್ಲಿ ಸ್ಲಾಟ್ ಇದೆ, ಅಲ್ಲೇ ಹಾಕಿ, ಆಮೇಲೆ ಎಲ್ಲಿ ಬೇಕಾದರೂ ಸುತ್ತಿ" ಅನ್ನುತ್ತಾರೆ. ಆ ಮಾತು ಕೇಳಬೇಡಿ. ಪ್ರವಾಸದ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು, ಕಡೆಯ ಪಕ್ಷ 15 ದಿನ ಮುಂಚೆ ಹಾಕಲೇಬೇಕು. ಉತ್ತರಕ್ಕೆ ಸಾಮಾನ್ಯವಾಗಿ 15 ದಿನ, ಅನುಮಾನ ಬಂದರೆ 45 ದಿನದವರೆಗೂ ಎಳೆಯಬಹುದು. ಅಷ್ಟೂ ದಿನ ಪಾಸ್‌ಪೋರ್ಟ್ ಅವರ ಹತ್ತಿರವೇ ಇರುತ್ತದೆ. ಆ ನಡುವೆ ಊರಿಗೆ ಟಿಕೆಟ್ ಬುಕ್ ಮಾಡಿಕೊಂಡು ಪೇಚಾಡಿದವರನ್ನು ನೋಡಿದ್ದೇನೆ.

ಈಗ ಕಾಗದಗಳಿಗೆ ಬರೋಣ. ಬೇಕಾದ್ದರ ಪಟ್ಟಿ ಆಯಾ ದೇಶದ ವೀಸಾ ಪುಟದಲ್ಲೇ ಸಿಗುತ್ತದೆ. ಪಾಸ್‌ಪೋರ್ಟ್ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು, ಎರಡು ಪುಟ ಖಾಲಿ ಇರಬೇಕು, ವಾಪಸ್ ಬರುವ ದಿನದಿಂದ ಇನ್ನೂ ಮೂರು ತಿಂಗಳು ಅವಧಿ ಉಳಿದಿರಬೇಕು. ವಿಮೆ ಕನಿಷ್ಠ 30,000 ಯೂರೋದ್ದು, ಇಡೀ ಶೆಂಗೆನ್ ಪ್ರದೇಶಕ್ಕೆ. ಬ್ರಿಟನ್ನಿನ ವಾಸದ ಪರವಾನಗಿ ಕಾರ್ಡ್ ಹೋಗಿ ಇ-ವೀಸಾ ಬಂದಿರುವುದರಿಂದ ಇಲ್ಲಿಯ ವಾಸದ ಪುರಾವೆಗೆ ಶೇರ್ ಕೋಡ್ (ನಿಮ್ಮ ಇ-ವೀಸಾ ವಿವರ ಬೇರೆಯವರು ನೋಡಲು ಸರ್ಕಾರದ ಜಾಲತಾಣ ಕೊಡುವ ಸಂಕೇತ) ತೆಗೆದು ಪ್ರಿಂಟ್ ಹಾಕಿಕೊಳ್ಳಿ. ಇಷ್ಟನ್ನು ಯಾರು ಬೇಕಾದರೂ ಜೋಡಿಸುತ್ತಾರೆ. ಅರ್ಜಿ ಬೀಳುವುದು ಇವು ಒಂದಕ್ಕೊಂದು ತಾಳೆಯಾಗದೆ.

ನನ್ನ ಮೊದಲ ಅರ್ಜಿಯೇ ವಾಪಸ್ ಬಂದಿತ್ತು. ಕಂಪನಿಯ ಪತ್ರದಲ್ಲಿ ಶುಕ್ರವಾರದವರೆಗೆ ರಜೆ ಅಂತಿತ್ತು. ನನ್ನ ವಿಮಾನ ಸೋಮವಾರ ರಾತ್ರಿ. ಆ ಸೋಮವಾರ ಬ್ಯಾಂಕ್ ಹಾಲಿಡೇ, ರಜೆಯೇ ಬೇಕಿರಲಿಲ್ಲ. ನನಗೆ ಗೊತ್ತಿತ್ತು, ನಮ್ಮ ಮ್ಯಾನೇಜರ್‌ಗೆ ಗೊತ್ತಿತ್ತು. ಅರ್ಜಿ ನೋಡಿದವರಿಗೆ ಮಾತ್ರ ಸೋಮವಾರ ಕೆಲಸಕ್ಕೆ ಹೋಗಬೇಕಾದ ಮನುಷ್ಯ ಇನ್ನೊಂದು ದೇಶದಲ್ಲಿದ್ದಾನೆ ಅನ್ನಿಸಿರಬೇಕು. ಬಂದ ಫಾರ್ಮಿನಲ್ಲಿ ಒಂದು ಚೌಕಕ್ಕೆ ಗುರುತು: ವೀಸಾ ಮುಗಿಯುವುದರೊಳಗೆ ಹಿಂತಿರುಗುವ ಉದ್ದೇಶದ ಬಗ್ಗೆ ಅನುಮಾನ. ಕಟ್ಟಿದ ಫೀಸು ಹೋಯಿತು. ಎರಡನೇ ಸಲ ಕವರ್ ಲೆಟರ್‌ನಲ್ಲಿ "ಸೋಮವಾರ ಸಾರ್ವಜನಿಕ ರಜೆ, ಮಂಗಳವಾರ ಕೆಲಸಕ್ಕೆ ಹಾಜರಾಗುತ್ತೇನೆ" ಅಂತ ಒಂದು ಸಾಲು ಸೇರಿಸಿದೆ, ವೀಸಾ ಬಂತು. ಅಪಾಯಿಂಟ್‌ಮೆಂಟ್ ಹಿಂದಿನ ರಾತ್ರಿ ಎಲ್ಲ ಕಾಗದ ಮೇಜಿನ ಮೇಲೆ ಹರಡಿ, ತಾರೀಖುಗಳನ್ನು ಮಾತ್ರ ಒಂದೊಂದಾಗಿ ಓದಿ: ರಜೆ, ಟಿಕೆಟ್, ಹೋಟೆಲ್, ವಿಮೆ. ಒಂದು ರಾತ್ರಿಗೆ ಹೋಟೆಲ್ ಇಲ್ಲದಿದ್ದರೆ ಆ ರಾತ್ರಿ ಎಲ್ಲಿರುತ್ತೀರಿ ಅಂತ ಬರೆಯಿರಿ.

ಹೆಸರೂ ಹಾಗೇ. ನಮ್ಮಲ್ಲಿ ಇನಿಷಿಯಲ್ ಕಾಟ ಜಾಸ್ತಿ. ಪಾಸ್‌ಪೋರ್ಟಿನಲ್ಲಿ ಅಪ್ಪನ ಹೆಸರು ಪೂರ್ತಿ, ಬ್ಯಾಂಕಿನಲ್ಲಿ ಬರೀ ಒಂದಕ್ಷರ, ಇನ್ನು ಕೆಲವರಿಗೆ ಸರ್‌ನೇಮ್ ಜಾಗವೇ ಖಾಲಿ. ಟಿಕೆಟ್ಟು, ವಿಮೆ, ಅರ್ಜಿ ಮೂರರಲ್ಲೂ ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಇರಲಿ. ಬ್ಯಾಂಕಿನ ಹೆಸರು ಬೇರೆಯಿದ್ದರೆ ಕವರ್ ಲೆಟರ್‌ನಲ್ಲಿ ಒಂದು ಮಾತು ಹೇಳಿಬಿಡಿ.

ದುಡ್ಡಿನ ವಿಷಯ. ಸಾಮಾನ್ಯವಾಗಿ ಮೂರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮೂರು ಪೇಸ್ಲಿಪ್ ಕೇಳುತ್ತಾರೆ. ಬಂದು ಒಂದೇ ತಿಂಗಳಾಗಿದ್ದರೆ ಕಾಯಿರಿ ಅಂತಲೇ ನನ್ನ ಸಲಹೆ. ಸ್ನೇಹಿತರಿಂದ ಎರಡು ಸಾವಿರ ಪೌಂಡ್ ಹಾಕಿಸಿಕೊಂಡು ಖಾತೆ ದಪ್ಪ ಮಾಡುವ ಉಪಾಯ ಎಲ್ಲರಿಗೂ ಹೊಳೆಯುತ್ತದೆ, ಅರ್ಜಿ ನೋಡುವವರಿಗೂ ಗೊತ್ತು. ನಕಲಿ ಟಿಕೆಟ್ ಮಾರುವವರ ಹತ್ತಿರವಂತೂ ಹೋಗಲೇಬೇಡಿ. ಹೋಟೆಲ್‌ಗೆ ಉಚಿತವಾಗಿ ರದ್ದು ಮಾಡುವಂಥ ಬುಕಿಂಗ್ ಸಾಕು. ಆದರೆ ವೀಸಾ ಕೈಗೆ ಬಂದ ತಕ್ಷಣ ಅದನ್ನು ರದ್ದು ಮಾಡಬೇಡಿ, ಗಡಿಯಲ್ಲಿ ಕೇಳಿದರೆ ತೋರಿಸಬೇಕಲ್ಲ.

ಫೀಸು ದೊಡ್ಡವರಿಗೆ 90 ಯೂರೋ (2024ರ ಜೂನ್‌ನಿಂದ), 6ರಿಂದ 12 ವರ್ಷದೊಳಗಿನವರಿಗೆ 45, ಅದಕ್ಕಿಂತ ಚಿಕ್ಕ ಮಕ್ಕಳಿಗೆ ಇಲ್ಲ. ಮೇಲೆ ವೀಸಾ ಕೇಂದ್ರದವರ ಸೇವಾ ಶುಲ್ಕ ಬೇರೆ. ಅಲ್ಲಿ ಎಸ್ಸೆಮ್ಮೆಸ್ಸು, ಪ್ರೀಮಿಯಂ ಲೌಂಜು ಅಂತ ಏನೇನೋ ಮಾರುತ್ತಾರೆ. ಲೌಂಜಿನಲ್ಲಿ ಕೂತರೆ ವೀಸಾ ಬೇಗ ಬರುವುದಿಲ್ಲ. ತೀರ್ಮಾನ ಮಾಡುವುದು ಕಾನ್ಸುಲೇಟ್, ಕೇಂದ್ರದವರು ಕಾಗದ ಮತ್ತು ಬೆರಳಚ್ಚು ತೆಗೆದುಕೊಳ್ಳುತ್ತಾರೆ ಅಷ್ಟೇ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ.

ಭಾರತೀಯರಿಗೆ ಈಗ ಎರಡು ವರ್ಷದ ವೀಸಾ ಸುಲಭವಂತೆ ಅಂತ ನೀವು ಕೇಳಿರಬಹುದು. 2024ರಲ್ಲಿ ಬಂದ ಆ ನಿಯಮ ಭಾರತದಲ್ಲಿ ವಾಸವಿದ್ದು ಅಲ್ಲೇ ಅರ್ಜಿ ಹಾಕುವವರಿಗೆ. ಇಲ್ಲಿರುವ ನಮಗೆ ಹಳೆಯ ಲೆಕ್ಕವೇ: ಎರಡು ವರ್ಷದಲ್ಲಿ ಮೂರು ವೀಸಾ ಸರಿಯಾಗಿ ಬಳಸಿದ್ದರೆ ಒಂದು ವರ್ಷದ್ದು, ಆಮೇಲೆ ಎರಡು, ಆಮೇಲೆ ಐದು. ಹಾಗಾಗಿ ಹಳೆಯ ವೀಸಾಗಳ ಪ್ರತಿ ಜೋಪಾನ.

ಪಾಸ್‌ಪೋರ್ಟ್ ಬಂದ ಮೇಲೆ ಸ್ಟಿಕ್ಕರ್ ಗಮನಿಸಿ ಓದಿ. ಹೆಸರು, ಪಾಸ್‌ಪೋರ್ಟ್ ಸಂಖ್ಯೆ ತಪ್ಪಿದ್ದರೆ ಅವತ್ತೇ ತಿಳಿಸಿ. ಅದರಲ್ಲಿ ಎರಡು ತಾರೀಖು ಇರುತ್ತವೆ, ಪಕ್ಕದಲ್ಲಿ ದಿನಗಳ ಸಂಖ್ಯೆ ಬೇರೆಯಾಗಿ ಇರುತ್ತದೆ. ತಾರೀಖುಗಳ ನಡುವೆ 23 ದಿನ ಇದ್ದು, ಸಂಖ್ಯೆ 8 ಅಂತಿದ್ದರೆ ನೀವು ಇರಬಹುದಾದದ್ದು ಎಂಟೇ ದಿನ. ಉಳಿದದ್ದು ಪ್ರವಾಸ ಹಿಂದೆ ಮುಂದೆ ಆದರೆ ಇರಲಿ ಅಂತ ಕೊಟ್ಟ ಜಾಗ. ಎಣಿಸುವಾಗ ಅಲ್ಲಿ ಕಾಲಿಟ್ಟ ದಿನವೂ ಒಂದು, ಅಲ್ಲಿಂದ ಹೊರಟ ದಿನವೂ ಒಂದು. ಹೋಟೆಲ್ ಏಳು ರಾತ್ರಿಗೆ ಅಂದರೆ ಅವರ ಲೆಕ್ಕದಲ್ಲಿ ಎಂಟು ದಿನ.