ಸ್ಲೇವಿನ್ ಉಳಿಯುತ್ತಾನೆ ಅಂತ ನಾನು ಹೇಳಿದ್ದು ಹೇಗೆ

ಡಿಫೆಂಡರ್ ಜೇಕಬ್ ಸ್ಲೇವಿನ್‌ನನ್ನು ಅಮೆರಿಕದ ಐಸ್ ಹಾಕಿ ತಂಡ ಕ್ಯಾರೊಲೈನಾ ಹರಿಕೇನ್ಸ್ 2024ರ ಜುಲೈನಲ್ಲಿ ಇನ್ನೂ 8 ವರ್ಷಕ್ಕೆ ಹಿಡಿದುಕೊಂಡಿತು. ವರ್ಷಕ್ಕೆ ಸುಮಾರು 64 ಲಕ್ಷ ಡಾಲರ್. ನಾನು ಚಳಿಗಾಲದಲ್ಲೇ ಬರೆದಿಟ್ಟಿದ್ದು 65. ಇಲ್ಲಿ, ತಂಡದ ಊರಾದ ರಾಲಿಯ ನಮ್ಮ ಆಫೀಸಿನಲ್ಲಿ "80 ಕೊಡದೆ ನಿಲ್ಲಲ್ಲ" ಅಂತ ನಕ್ಕವರೇ ಊಟ ಕೊಡಿಸಿದರು.

ಅದಕ್ಕೆ ಮುಂಚೆ ಕಳೆದುಕೊಂಡಿದ್ದೇ ಜಾಸ್ತಿ. 2021ರಲ್ಲಿ ಇದೇ ಟೀಮಿನ ಇನ್ನೊಬ್ಬ ಡಿಫೆಂಡರ್ ಡಗಿ ಹ್ಯಾಮಿಲ್ಟನ್ ಎಲ್ಲೂ ಹೋಗಲ್ಲ ಅಂತ 100 ಡಾಲರ್ ಪಂತ ಕಟ್ಟಿದ್ದೆ. ಸುಮ್ನೆ ಗೋಲು, ಅಸಿಸ್ಟ್ ಕೂಡಿಸಿ ನೋಡಿದ್ದೆ, ಅಷ್ಟೇ. ನ್ಯೂಜೆರ್ಸಿಯವರು ವರ್ಷಕ್ಕೆ 90 ಲಕ್ಷದಂತೆ 7 ವರ್ಷಕ್ಕೆ ಎತ್ತಿಕೊಂಡು ಹೋದರು. ಆಮೇಲೆ ಪ್ಲಸ್-ಮೈನಸ್ ನಂಬಿದೆ, ಅಂದರೆ ಆಟಗಾರ ಐಸ್ ಮೇಲಿದ್ದಾಗ ಟೀಮ್ ಹೊಡೆದ ಗೋಲಿನಿಂದ ತಿಂದ ಗೋಲು ಕಳೆದ ಲೆಕ್ಕ. ಗೋಲ್‌ಕೀಪರ್ ಚೆನ್ನಾಗಿದ್ದರೆ ಎಲ್ಲ ಡಿಫೆಂಡರೂ ಹುಲಿಯೇ! ಫ್ಯಾಂಟಸಿ ಲೀಗಿನಲ್ಲಿ ಸ್ಲೇವಿನ್‌ನನ್ನು ತೆಗೆದುಕೊಂಡು ಕೊನೆಗೆ ಬಿದ್ದೆ.

ನಾನು ಕೊಡಗಿನವನು, ಊರಿನ ಹಾಕಿ ಹಬ್ಬದಲ್ಲಿ ಮನೆತನದ ಟೀಮಿಗೆ ಬ್ಯಾಕ್ ಆಡಿದವನು. "ಚೆಂಡನ್ನು ಎಲ್ಲರೂ ನೋಡ್ತಾರೆ, ನೀನು ಬ್ಯಾಕ್ ಎಲ್ಲಿ ನಿಂತಿದ್ದಾನೆ ನೋಡು" ಅಂತ ಮಾವ ಬೈಯುತ್ತಿದ್ದರು. ಅದನ್ನೇ ಹಿಡಿದೆ. ಟಿವಿಯಲ್ಲಿ ಎಂಟು ಮ್ಯಾಚ್ ವ್ಯರ್ಥ, ಕ್ಯಾಮೆರಾ ಪಕ್ (ಐಸ್ ಹಾಕಿಯಲ್ಲಿ ಚೆಂಡಿನ ಬದಲಿನ ಚಪ್ಪಟೆ ಬಿಲ್ಲೆ) ಹಿಂದೆಯೇ ಓಡುತ್ತೆ. ಕೊನೆಗೆ ಮೇಲಿನ ಅಗ್ಗದ ಸೀಟು ತೆಗೆದೆ. ಆರು ಮ್ಯಾಚ್, ಪಾರ್ಕಿಂಗ್ ಸೇರಿ 600 ಡಾಲರ್ ಹತ್ತಿರ ಆಗಿರಬೇಕು. ಎದುರಾಳಿ ಸ್ಲೇವಿನ್ ಬದಿಯಿಂದ ಪಕ್ ಹಿಡಿದುಕೊಂಡೇ ಬ್ಲೂ ಲೈನ್ (ನಮ್ಮ ಗೋಲಿನ ಕಡೆಯ ವಲಯದ ಗೆರೆ) ದಾಟಿದನಾ, ಇಲ್ಲ ಎಸೆದು ಅದರ ಹಿಂದೆ ಓಡಬೇಕಾಯಿತಾ? ಎರಡೇ ಕಾಲಂ. ಎರಡನೆಯದು ಪ್ರತಿ ಸಲ ಉದ್ದವಾಗುತ್ತಿತ್ತು, ಅಂದರೆ ಅವನನ್ನು ದಾಟುವುದು ಕಷ್ಟ. ಶಿಫ್ಟ್, ಅಂದರೆ ಅವನು ಒಂದು ಸಲಕ್ಕೆ ಐಸ್ ಮೇಲಿರೋದು, ಎಷ್ಟು ಹೊತ್ತು ಅಂತ ಅಡುಗೆಮನೆಯ ಟೈಮರಿನಲ್ಲೂ ಅಳೆದೆ. ಪಕ್ಕದ ಸೀಟಿನವರು ಗುರಾಯಿಸಿದರು, ಬಿಟ್ಟೆ. ಯಾವ ಟೀಮ್ ಬಂದಾಗ ಟಿಕೆಟ್ ತೆಗೆಯಬೇಕು ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಇನ್ನೊಂದು ವಿಷಯ. 2020-21ರಲ್ಲಿ 52 ಮ್ಯಾಚಿಗೆ ಅವನ ಪೆನಲ್ಟಿ ಬರೀ 2 ನಿಮಿಷ. ಅದೂ ಪಕ್ ಗಾಜಿನ ಆಚೆ ಹೋಗಿದ್ದಕ್ಕೆ. ಸಭ್ಯ ಆಟಕ್ಕೆ ಕೊಡುವ ಲೇಡಿ ಬಿಂಗ್ ಪ್ರಶಸ್ತಿ ಬಂತು. ಜನ "ಸಂಭಾವಿತ" ಅಂದರು. ನನಗೆ ಕಂಡಿದ್ದು ಬೇರೆ: ನಮ್ಮವನೊಬ್ಬ ಪೆನಲ್ಟಿಯಲ್ಲಿ ಹೊರಗೆ ಕೂತಾಗ ಗೋಲು ಬೀಳದಂತೆ ತಡೆಯುವ ಪೆನಲ್ಟಿ ಕಿಲ್‌ಗೆ ಯಾವಾಗ ಕರೆದರೂ ಸಿಗುವ ಆಳು.

ಉಳಿದಿದ್ದು ದುಡ್ಡಿನ ಲೆಕ್ಕ. ಟೀಮಿನ ಇನ್ನಿಬ್ಬರು ಡಿಫೆಂಡರು ಬ್ರೆಟ್ ಪೆಶಿ, ಬ್ರೇಡಿ ಶೇ, ಇಬ್ಬರ ಒಪ್ಪಂದವೂ 2024ರ ಬೇಸಿಗೆಗೆ ಮುಗಿಯುತ್ತಿತ್ತು. ಅವರು ಹೋದ ಮೇಲೆ ಇವನನ್ನೂ ಬಿಟ್ಟರೆ ಹಿಂದೆ ಯಾರು, ಅಲ್ವಾ? ಇವನೋ ಮೊದಲೇ 7 ವರ್ಷ 53 ಲಕ್ಷಕ್ಕೆ ಒಪ್ಪಿದವನು. ಸ್ವಲ್ಪ ಏರಿಸಿ 65 ಬರೆದೆ. ಶೇಗೆ 60 ಅಂದಿದ್ದೆ, ನ್ಯಾಶ್‌ವಿಲ್ 70 ಕೊಟ್ಟಿತು. ಅಲ್ಲಿ ತಪ್ಪಿದೆ.

ಈಗ ನೋಟ್‌ಬುಕ್ಕಿನ ಹೊಸ ಪುಟದಲ್ಲಿ ಹೊಸ ಡಿಫೆಂಡರ್ ಕೆಆಂಡ್ರೆ ಮಿಲ್ಲರ್. 2025ರಲ್ಲಿ 8 ವರ್ಷಕ್ಕೆ, ವರ್ಷಕ್ಕೆ 75 ಲಕ್ಷ ಕೊಟ್ಟು ತಂದಿದ್ದಾರೆ. ಆಫೀಸಿನಲ್ಲಿ ಅಂದು ನಕ್ಕವರೇ ಈಗ ಬಂದು ಕೇಳುತ್ತಾರೆ. ನಾಲ್ಕು ಮ್ಯಾಚ್ ನೋಡಿದ್ದೇನೆ, ಇನ್ನೂ ಬಾಯಿ ಬಿಟ್ಟಿಲ್ಲ.